ಊರಿನ ಕಾಲೇಜು: ಸಾಲೋಟಗಿಯಿಂದ ಬಾಣಾವರದವರೆಗೆ



ಹಾಸನ ಜಿಲ್ಲೆಯ ಅರಸೀಕೆರೆ ತಾಲೂಕಿನಲ್ಲಿ ಬಾಣಾವರವೆಂಬ ಊರಿದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ಅರಸೀಕೆರೆ ದಾಟಿ ಕಡೂರು, ಬೀರೂರುಗಳ ಕಡೆಗೆ ಸಾಗುವಾಗ ಸಿಗುವ ಊರು ಇದು. ಸುತ್ತ ತೆಂಗಿನ ತೋಟ, ರಾಗಿ ಹೊಲ. ನೈಋತ್ಯಕ್ಕೆ ಹೊರಟರೆ ಜಾವಗಲ್ಲು, ಅದರಾಚೆ ಹಳೇಬೀಡು, ಬೇಲೂರು. ಇಂಥ ಊರಿನಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗನನ್ನೋ ಹುಡುಗಿಯನ್ನೋ ನೆಂಟರು ಕೇಳುವ ಪ್ರಶ್ನೆ ನಿಮಗೆಲ್ಲ ಗೊತ್ತಿದೆ. "ಮುಂದೆ ಎಲ್ಲಿಗೆ ಹೋಗ್ತೀಯ?" ಏನು ಓದುತ್ತೀಯ ಎಂದು ಕೇಳುವವರು ಕಡಿಮೆ, ಎಲ್ಲಿಗೆ ಎಂದು ಕೇಳುವವರೇ ಹೆಚ್ಚು. "ಇಲ್ಲೇ, ನಮ್ಮೂರ ಕಾಲೇಜಿಗೆ" ಎಂದರೆ ಕೇಳಿದವರ ಮುಖದಲ್ಲಿ ಉತ್ಸಾಹ ಇಳಿಯುತ್ತದೆ. ದೂರ ಹೋದಷ್ಟೂ ವಿದ್ಯೆ ದೊಡ್ಡದು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಈ ನಂಬಿಕೆಗೆ ಚರಿತ್ರೆಯ ಆಧಾರ ಎಷ್ಟಿದೆ ಎಂಬುದನ್ನು ಈ ಬಾರಿ ನೋಡೋಣ. ಕರ್ನಾಟಕದ ಉನ್ನತ ವಿದ್ಯಾಭ್ಯಾಸದ ಚರಿತ್ರೆಯನ್ನು ಸಾಮಾನ್ಯವಾಗಿ ದೊಡ್ಡ ಹೆಸರುಗಳ ಮೂಲಕ ಹೇಳುತ್ತಾರೆ. ರಾಜರು, ದಿವಾನರು, ಆಚಾರ್ಯರು, ವಿಶ್ವವಿದ್ಯಾನಿಲಯಗಳು. ಅದನ್ನೇ ಬೇರೆ ಎರಡು ಪ್ರಶ್ನೆಗಳಿಂದಲೂ ಹೇಳಬಹುದು. ಕಲಿಯಲು ಎಷ್ಟು ದೂರ ನಡೆಯಬೇಕಿತ್ತು? ಕಲಿಯುವಷ್ಟು ದಿನ ಊಟ ಯಾರು ಹಾಕುತ್ತಿದ್ದರು?

ನಮ್ಮ ನಾಡಿನಲ್ಲಿ ಉನ್ನತ ವ್ಯಾಸಂಗಕ್ಕೆಂದು ಊರು ಬಿಟ್ಟವರಲ್ಲಿ ದಾಖಲೆಯಿಂದ ನಮಗೆ ತಿಳಿದಿರುವ ಮೊದಲಿಗರಲ್ಲಿ ಒಬ್ಬ ಕದಂಬರ ಮಯೂರಶರ್ಮ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ನಿಂತಿರುವ ಕಂಬದ ಮೇಲೆ, 5ನೆಯ ಶತಮಾನದ ಕವಿ ಕುಬ್ಜ ರಚಿಸಿದ ಸಂಸ್ಕೃತ ಕಾವ್ಯ ಈ ಕಥೆಯನ್ನು ಹೇಳುತ್ತದೆ. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋಗಿ ಅಲ್ಲಿನ ಘಟಿಕೆಯನ್ನು ಸೇರಿದ. ಘಟಿಕೆ ಎಂದರೆ ಆ ಕಾಲದ ಉನ್ನತ ವಿದ್ಯಾಕೇಂದ್ರ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಅವಮಾನಗೊಂಡ ವಿದ್ಯಾರ್ಥಿ ದರ್ಭೆ ಹಿಡಿದಿದ್ದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ. ಪಠ್ಯಪುಸ್ತಕಗಳು ಈ ಕಥೆಯ ಎರಡನೆಯ ಭಾಗವನ್ನು ವಿಸ್ತಾರವಾಗಿ ಹೇಳುತ್ತವೆ. ಮೊದಲ ಭಾಗವನ್ನು ಮತ್ತೊಮ್ಮೆ ಓದಿ. ಮಲೆನಾಡಿನ ಸೆರಗಿನ ಒಂದು ಅಗ್ರಹಾರದ ಹುಡುಗ ಓದುವ ಸಲುವಾಗಿ ಪೂರ್ವ ಕರಾವಳಿಯ ಸಮೀಪದವರೆಗೆ, ಇನ್ನೊಬ್ಬ ಅರಸನ ರಾಜಧಾನಿಗೆ ಹೋಗಬೇಕಾಯಿತು. ಹೋದ ಊರಿನಲ್ಲಿ ಅವನು ಪರದೇಶಿ. ಅವನ ಪರ ಮಾತಾಡುವವರು ಅಲ್ಲಿ ಇರಲಿಲ್ಲ. ದೂರದ ವಿದ್ಯೆಗೆ ತೆರಬೇಕಾದ ಬೆಲೆ ಏನೆಂಬುದು ನಮ್ಮ ಮೊದಲ ರಾಜವಂಶದ ಕಥೆಯಲ್ಲೇ ಬಂದಿದೆ.

ಈಗ ಇನ್ನೊಂದು ಕಂಬದ ಬಳಿಗೆ ಹೋಗೋಣ. ಅದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯದು, ಕಾಲ ಕ್ರಿ.ಶ. 945. ಆಗ ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ. ಅವನ ಮಂತ್ರಿ ನಾರಾಯಣ ಎಂಬುವನು ಅಲ್ಲಿ ತ್ರೈಪುರುಷ ದೇವರ ಗುಡಿಯ ಆಶ್ರಯದಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ಊರಿನ ಹಳೆಯ ಹೆಸರು ಪಾವಿಟ್ಟಗೆ. ಶಾಲೆಯ ಪಾವಿಟ್ಟಗೆಯೇ ಬರಬರುತ್ತ ಸಾಲೋಟಗಿಯಾಯಿತು ಎಂದು ವಿದ್ವಾಂಸರು ಹೇಳುತ್ತಾರೆ. ಊರಿಗೆ ಶಾಲೆ ಬಂದದ್ದಷ್ಟೇ ಅಲ್ಲ, ಶಾಲೆಯೇ ಊರಿನ ಹೆಸರಾಗಿ ಉಳಿಯಿತು.

ಈ ಶಾಸನದಲ್ಲಿ ರಾಜಪ್ರಶಂಸೆ ಇದೆ, ಅದು ಎಲ್ಲ ಶಾಸನಗಳಲ್ಲೂ ಇರುತ್ತದೆ. ಅದನ್ನು ದಾಟಿ ಮುಂದೆ ಹೋದರೆ ಸಿಗುವುದು ಒಂದು ವಿದ್ಯಾಸಂಸ್ಥೆಯ ಆಯವ್ಯಯ ಪತ್ರ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ತಂಗಲು 27 ಮನೆಗಳು. ದೀಪದೆಣ್ಣೆಯ ಖರ್ಚಿಗೆಂದೇ 12 ನಿವರ್ತನ ಭೂಮಿ. ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ಮತ್ತು ಒಂದು ಮನೆ. ನಿವರ್ತನವೆಂಬುದು ಆ ಕಾಲದ ಭೂಮಾಪನದ ಒಂದು ಅಳತೆ. ಕತ್ತಲಾದ ಮೇಲೂ ಮಕ್ಕಳು ಓದುತ್ತಾರೆ, ಅದಕ್ಕೆ ಎಣ್ಣೆ ಬೇಕು ಎಂದು ಸಾವಿರ ವರ್ಷಗಳ ಹಿಂದೆ ಯಾರೋ ಲೆಕ್ಕ ಹಾಕಿ, ಅದಕ್ಕಾಗಿ ಜಮೀನನ್ನೇ ಬಿಟ್ಟಿದ್ದಾರೆ. ಹಾಸ್ಟೆಲಿನಲ್ಲಿ ಕರೆಂಟು ಹೋಗಿ ಕೂತ ಅನುಭವವಿರುವ ನಿಮಗೆ ಆ ಲೆಕ್ಕದ ಬೆಲೆ ಬೇಗ ಅರ್ಥವಾದೀತು.

ಇದೆಲ್ಲಕ್ಕಿಂತ ಮಿಗಿಲಾದದ್ದು ಇನ್ನೊಂದು ಕಟ್ಟಳೆ. ಊರಿನ ಬ್ರಾಹ್ಮಣ ಕುಟುಂಬಗಳಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ ಕೊಡಬೇಕು. ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರ ಅರ್ಧ. ಊರಿನಲ್ಲಿ ಸಂತರ್ಪಣೆ ನಡೆದರೆ ವಿದ್ಯಾರ್ಥಿಗಳನ್ನೂ ಊಟಕ್ಕೆ ಕರೆಯಬೇಕು. ಮಂತ್ರಿಯ ದಾನ ಒಂದು ಸಲದ್ದು, ಮದುವೆಗಳಾದರೋ ಪ್ರತಿ ವರ್ಷ ನಡೆಯುತ್ತವೆ. ಅರಸು ಬದಲಾಗಲಿ, ಮಂತ್ರಿ ಬದಲಾಗಲಿ, ಊರಿನಲ್ಲಿ ಓಲಗ ಊದುವುದಂತೂ ನಿಲ್ಲುವುದಿಲ್ಲ. ಪ್ರತಿ ಓಲಗದೊಡನೆ ಶಾಲೆಯ ಬೊಕ್ಕಸಕ್ಕೆ ಐದು ನಾಣ್ಯ. ಇಂಥ ಸಂಸ್ಥೆಯನ್ನು ಅರಸನ ವಿದ್ಯಾಲಯ ಎನ್ನುವುದಕ್ಕಿಂತ ಸಮುದಾಯದ ಕಾಲೇಜು ಎನ್ನುವುದೇ ಸರಿ. ಊರಿನವರಲ್ಲದ ಹುಡುಗರನ್ನು ತಮ್ಮ ಮನೆಯ ಮಕ್ಕಳೆಂಬಂತೆ ಶುಭಕಾರ್ಯದ ಪಂಕ್ತಿಯಲ್ಲಿ ಕೂರಿಸಿದ ಈ ಏರ್ಪಾಡನ್ನು ನಾನು ಕಂಚಿಯ ಘಟಿಕೆಗಿಂತ ದೊಡ್ಡದೆಂದೇ ಎಣಿಸುತ್ತೇನೆ.

ಇದೇ ಬಗೆಯ ಇತರ ಕೇಂದ್ರಗಳೂ ಇದ್ದವು. ಚಿತ್ತಾಪುರ ತಾಲೂಕಿನ ನಾಗಾವಿಯ ಘಟಿಕಾಸ್ಥಾನದಲ್ಲಿ, 1058ರ ಶಾಸನದಂತೆ, ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು ಇದ್ದರು. ಆರು ಮಂದಿ! ಇಂದು ಒಬ್ಬ ಗ್ರಂಥಪಾಲಕರೂ ಇಲ್ಲದ ಕಾಲೇಜುಗಳು ನಮ್ಮಲ್ಲಿವೆ. ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ವೇದ, ದರ್ಶನಗಳ ಜೊತೆಗೆ ಹಲವು ಪಂಥಗಳ ವ್ಯಾಕರಣಗಳನ್ನು ಹೆಸರಿಸುತ್ತದೆ. ಅದು ಶೈವ ಮಠವಾದರೂ ಜೈನರ ಶಾಕಟಾಯನ ವ್ಯಾಕರಣಕ್ಕೆ ಅಲ್ಲಿ ಜಾಗವಿತ್ತು. ಕುಂಟರು, ಕುರುಡರು, ದೀನರು, ಅನಾಥರು, ಹಾಡುವವರು, ಕುಣಿಯುವವರು ಎಲ್ಲರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು.

ಹೊಯ್ಸಳರ ಕಾಲಕ್ಕೆ ಬಂದರೆ ನಾವು ಮತ್ತೆ ಬಾಣಾವರದ ಸೀಮೆಗೇ ಬರುತ್ತೇವೆ. ಅರಸೀಕೆರೆ ಆಗ ಶಾಸನಗಳಲ್ಲಿ ಕೊಂಡಾಡಿಸಿಕೊಂಡ ಸಮೃದ್ಧ ಪಟ್ಟಣ. ಅಲ್ಲಿನ ಸಹಸ್ರಕೂಟ ಜಿನಾಲಯ 1220ರದ್ದು, ನಕ್ಷತ್ರಾಕಾರದ ಮುಖಮಂಟಪವಿರುವ ಈಶ್ವರ ದೇವಾಲಯವೂ ಸುಮಾರು ಅದೇ ಕಾಲದ್ದು. ಹತ್ತಿರದ ಹಾರನಹಳ್ಳಿಯಲ್ಲಿ, ಜಾವಗಲ್ಲಿನಲ್ಲಿ 13ನೆಯ ಶತಮಾನದ ಗುಡಿಗಳಿವೆ. ಇಂಥ ಊರುಗಳಲ್ಲಿ ಅಗ್ರಹಾರಗಳು ಬೆಳೆದವು. ಅಗ್ರಹಾರವೆಂದರೆ ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟ ಊರು. ಪಾಠ ಹೇಳುವುದು ಅವರ ಕರ್ತವ್ಯ. ಹೊಯ್ಸಳ ಮಂತ್ರಿ ಪೆರುಮಾಳೆ ದಂಡನಾಯಕ ತಿರುಮಕೂಡಲು ನರಸೀಪುರದ ಬಳಿಯ ಮೈಲಂಗಿಯಲ್ಲಿ 1290ರಲ್ಲಿ ಬಿಟ್ಟ ದತ್ತಿಯಲ್ಲಿ ವೇದಪಾಠದ ಜೊತೆಗೆ ನಾಗರ, ಕನ್ನಡ, ತಿಗುಳ, ಆರ್ಯ ಎಂದರೆ ನಾಗರಿ, ಕನ್ನಡ, ತಮಿಳು, ಮರಾಠಿಗಳನ್ನು ಕಲಿಸುವ ಉಪಾಧ್ಯಾಯರಿಗೂ ಪಾಲಿತ್ತು. ಗಡಿ ಸೀಮೆಯ ವ್ಯಾಪಾರಕ್ಕೂ ಲೆಕ್ಕಪತ್ರಕ್ಕೂ ಬೇಕಾದ ಭಾಷೆಗಳನ್ನು ಹತ್ತಿರದಲ್ಲೇ ಕಲಿಸುವ ವಿವೇಕ ಅದು.

ಆದರೆ ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಸಾಲೋಟಗಿಯ 27 ಮನೆಗಳಲ್ಲಿ ಆ ಊರಿನ ಒಕ್ಕಲಿಗನ ಮಗನಿಗೆ ಜಾಗವಿರಲಿಲ್ಲ. ಆ 12 ನಿವರ್ತನವನ್ನು ಉತ್ತವನ ಮಗ ಆ ದೀಪದ ಬೆಳಕಿನಲ್ಲಿ ಕೂರಲಿಲ್ಲ. ಹೆಣ್ಣುಮಕ್ಕಳ ಮಾತು ಹೇಳಲೇಬೇಕಾಗಿಲ್ಲ. ಕಾಲೇಜು ಊರಿನಲ್ಲೇ ಇದ್ದರೂ ಊರಿನ ಬಹುಪಾಲು ಜನಕ್ಕೆ ಅದು ಕಂಚಿಗಿಂತ ದೂರವಿತ್ತು. ಮೈಲಿಗಳಲ್ಲಿ ಅಳೆಯಲಾಗದ ದೂರವೂ ಇದೆ ಎಂಬುದನ್ನು ಚರಿತ್ರೆ ಓದುವವರು ಮರೆಯುವಂತಿಲ್ಲ.

ಹೊಸ ಕಾಲದ ವಿದ್ಯಾಭ್ಯಾಸ ಈ ಎರಡೂ ದೂರಗಳನ್ನು ಏಕಕಾಲಕ್ಕೆ ಎದುರಿಸಬೇಕಾಯಿತು. 1868ರಲ್ಲಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ತಂದರು. ಶಾಲೆ ಜನರ ಬಳಿಗೆ ಬರಬೇಕು ಎಂಬುದು ಅದರ ತಿರುಳು. ಕಾಲೇಜಿನ ಮಾತು ಬೇರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು, ಇವೆರಡೇ ಹಳೇ ಮೈಸೂರಿನ ಬಹುಪಾಲು ಹಳ್ಳಿಗಳ ಹುಡುಗರಿಗೆ ಉನ್ನತ ವಿದ್ಯೆಯ ಬಾಗಿಲು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಆ ಕಾಲೇಜುಗಳ ಪರೀಕ್ಷೆಗಳೂ ಮದರಾಸಿನವೇ. ಹಾಗೆ ನೋಡಿದರೆ ಮಯೂರಶರ್ಮನ ಕಾಲದಂತೆ 20ನೆಯ ಶತಮಾನದ ಆರಂಭದಲ್ಲೂ ನಮ್ಮ ವಿದ್ಯೆಗೆ ಮುದ್ರೆ ಬೀಳುತ್ತಿದ್ದುದು ಅದೇ ದಿಕ್ಕಿನಲ್ಲಿ!

1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲು ದಾರಿ ಬಂತು. ಬಾಣಾವರ ಆ ದಾರಿಯಲ್ಲೇ ಇತ್ತು. ರೈಲು ಬಂದು ಪ್ರಯಾಣದ ದೂರ ಕಡಿಮೆಯಾಯಿತು, ಊಟದ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಹಳೇ ಮೈಸೂರು ಕಂಡುಕೊಂಡ ಉತ್ತರ ವಾರಾನ್ನ. ನಿಮ್ಮಲ್ಲಿ ಅನೇಕರು ಈ ಶಬ್ದವನ್ನು ಕೇಳಿರಲಿಕ್ಕಿಲ್ಲ, ನಿಮ್ಮ ಅಜ್ಜಂದಿರನ್ನು ಕೇಳಿ. ಬಡ ವಿದ್ಯಾರ್ಥಿ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ಉಂಡು ಓದುತ್ತಿದ್ದ. ಒಂದು ದಿನದ ಮನೆ ತಪ್ಪಿದರೆ ಆ ದಿನ ನೀರೇ ಗತಿ. ಎಷ್ಟೋ ಮಂದಿ ಶಿಕ್ಷಕರು, ಇಂಜಿನಿಯರುಗಳು, ಸಾಹಿತಿಗಳು ವಾರಾನ್ನದ ಮೇಲೆಯೇ ಓದಿ ಮೇಲೆ ಬಂದರು. ಇದರಲ್ಲಿ ಔದಾರ್ಯವಿತ್ತು, ಜೊತೆಗೆ ಮುಜುಗರವೂ ಇತ್ತು. ಇದೂ ಬಹುಮಟ್ಟಿಗೆ ಜಾತಿಯ ಒಳಗಿನ ಔದಾರ್ಯವೇ. ಉಳಿದವರ ಮಕ್ಕಳಿಗೆ ಬಾಗಿಲು ತೆರೆದದ್ದು ವಿದ್ಯಾರ್ಥಿನಿಲಯಗಳಿಂದ. ಲಿಂಗಾಯತರು, ಒಕ್ಕಲಿಗರು ಮತ್ತು ಇತರ ಸಮುದಾಯಗಳು 20ನೆಯ ಶತಮಾನದ ಮೊದಲ ದಶಕದಿಂದ ಸಂಘ ಕಟ್ಟಿಕೊಂಡು ಊರೂರಿನಲ್ಲಿ ವಂತಿಗೆ ಎತ್ತಿ ಹಾಸ್ಟೆಲುಗಳನ್ನು ತೆರೆದರು. ತುಮಕೂರಿನ ಸಿದ್ಧಗಂಗೆಯಲ್ಲಿ ಅನ್ನ, ಅಕ್ಷರ, ಆಶ್ರಯ ಮೂರೂ ಜಾತಿ ಕೇಳದೆ ದೊರೆತವು. ಆ ಕ್ಷೇತ್ರದ ಅನ್ನ ಉಂಡು ಓದಿದ ಹಳ್ಳಿಯ ಮಕ್ಕಳ ಸಂಖ್ಯೆ ಲಕ್ಷಗಟ್ಟಲೆಯದು. ಇನ್ನು ಪಂಚಮರೆಂದು ಹೊರಗಿಟ್ಟಿದ್ದ ಮಕ್ಕಳಿಗೆ 1915ರಲ್ಲಿ ಮೈಸೂರು ಸರ್ಕಾರ ತನ್ನ ಎಲ್ಲ ಶಾಲೆಗಳ ಬಾಗಿಲನ್ನು ಆಜ್ಞೆ ಮಾಡಿ ತೆರೆಯಬೇಕಾಯಿತು. ಆಜ್ಞೆ ಬಂತೆಂದು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದವರೂ ಇದ್ದರು. ಸರ್ಕಾರ ಜಗ್ಗಲಿಲ್ಲ.

ಉತ್ತರ ಕರ್ನಾಟಕದಲ್ಲಿ ಪರಿಸ್ಥಿತಿ ಇನ್ನೂ ಕಷ್ಟದ್ದಾಗಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ಹುಡುಗರು ಕಾಲೇಜಿಗೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕು, ಪರಭಾಷೆಯ ಊರಿನಲ್ಲಿ ಇರಬೇಕು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮುಂತಾದವರು ಊರೂರು ಸುತ್ತಿ ಹಣ ಕೂಡಿಸಿ, ಸರ್ಕಾರಕ್ಕೆ ದುಂಬಾಲು ಬಿದ್ದು 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜನ್ನು ತಂದರು. ಅದಕ್ಕೆ ಒಂದು ವರ್ಷ ಮೊದಲು ಬೆಳಗಾವಿಯಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಮಂದಿ ಕೆ.ಎಲ್.ಇ. ಸಂಸ್ಥೆಯನ್ನು ಒಂದು ಶಾಲೆಯಿಂದ ಆರಂಭಿಸಿದ್ದರು. ದೊಡ್ಡ ನೌಕರಿ ಹಿಡಿಯಬಲ್ಲ ವಿದ್ಯಾವಂತರು ಅಲ್ಪ ಸಂಬಳಕ್ಕೆ ಪಾಠ ಹೇಳಲು ನಿಂತರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಶಿರಸಂಗಿ ಲಿಂಗರಾಜರ ದಾನದ ನೆನಪಿನ ಲಿಂಗರಾಜ ಕಾಲೇಜು 1933ರಲ್ಲಿ ಬಂತು. ಮೊದಲು ಮೇಷ್ಟರು, ಆಮೇಲೆ ಕಟ್ಟಡ. ಈ ಕ್ರಮವನ್ನು ನೆನಪಿಡಿ, ಯಾಕೆಂದರೆ ನಾವೀಗ ಅದನ್ನು ತಿರುಗಿಸಿಕೊಂಡಿದ್ದೇವೆ.

ವಿಶ್ವವಿದ್ಯಾನಿಲಯವೇ ಊರಿಗೆ ಬಂದ ಉದಾಹರಣೆಯೂ ಉಂಟು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯಲ್ಲಿ ಪ್ರಾಧ್ಯಾಪಕರು ಜಿಲ್ಲೆ, ತಾಲೂಕು ಕೇಂದ್ರಗಳಿಗೆ ಹೋಗಿ, ಕಾಲೇಜು ಕಾಣದ ರೈತರಿಗೂ ವರ್ತಕರಿಗೂ ವಿಜ್ಞಾನ, ಚರಿತ್ರೆ, ಸಾಹಿತ್ಯಗಳನ್ನು ತಿಳಿಗನ್ನಡದಲ್ಲಿ ಹೇಳಿದರು. ಆ ಭಾಷಣಗಳೇ ಕೈಹೊತ್ತಗೆಗಳಾಗಿ ಅಚ್ಚಾದವು. ಹಳೆಯ ವಾಚನಾಲಯಗಳಲ್ಲಿ ಅವು ಇನ್ನೂ ಸಿಗುತ್ತವೆ, ತೆರೆದು ನೋಡಿ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು ಹಳ್ಳಿಯವರೆದುರು ನಿಂತಾಗ ಕನ್ನಡ ಎಷ್ಟು ಚೆನ್ನಾಗಿ ಬಗ್ಗಿತು ಎಂಬುದು ಅಲ್ಲಿ ಕಾಣುತ್ತದೆ.

ಇದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದದ್ದು ನಂಜನಗೂಡಿನ ವಿದ್ಯಾಪೀಠ. 1940ರ ದಶಕದಲ್ಲಿ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿ ಕೆಲಸ ಆರಂಭಿಸಿತು. 'ಬೆಳಕು', 'ಪುಸ್ತಕ ಪ್ರಪಂಚ' ಪತ್ರಿಕೆಗಳನ್ನು ಹೊರಡಿಸಿದ್ದು ಇದೇ ಸಮಿತಿ. 1947ರಲ್ಲಿ ಅದು ನಂಜನಗೂಡಿನಲ್ಲಿ ಹಳ್ಳಿಯ ತರುಣರಿಗಾಗಿ ವಿದ್ಯಾಪೀಠವನ್ನು ತೆರೆಯಿತು. ಡೆನ್ಮಾರ್ಕಿನಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿಯ ವಿಚಾರಗಳಿಂದ 1844ರಲ್ಲಿ ಹುಟ್ಟಿದ ಜನತಾ ವಿದ್ಯಾಲಯಗಳೇ ಇದಕ್ಕೆ ಮಾದರಿ. ರೈತರ ಮಕ್ಕಳು ಕೆಲವು ತಿಂಗಳು ಅಲ್ಲಿಯೇ ಇದ್ದು ಬೇಸಾಯ, ಕೈಕಸುಬು, ಸಹಕಾರ, ನಾಡಿನ ಚರಿತ್ರೆ, ಹಾಡು ಎಲ್ಲವನ್ನೂ ಕಲಿತು ಹೊಲಕ್ಕೆ ಮರಳಬೇಕು ಎಂಬುದು ಉದ್ದೇಶ. ಡಿಗ್ರಿಯ ಹಂಗಿಲ್ಲದ ಕಾಲೇಜು ಇದು. ಡಿಗ್ರಿ ಇಲ್ಲದ್ದರಿಂದಲೇ ಇದಕ್ಕೆ ಸಿಗಬೇಕಾದ ಗೌರವ ಸಿಗಲಿಲ್ಲ ಎಂದು ನನ್ನ ಅನಿಸಿಕೆ.

ಅದೇ 1947ರಲ್ಲಿ ಅಮೆರಿಕದಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ಊರೂರಿಗೆ 'ಕಮ್ಯುನಿಟಿ ಕಾಲೇಜು'ಗಳು ಬೇಕೆಂದು ಶಿಫಾರಸು ಮಾಡಿತು. ಅಲ್ಲಿ ಇದರ ಬೀಜ 1901ರಲ್ಲೇ ಬಿದ್ದಿತ್ತು. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನ ಹೈಸ್ಕೂಲಿನಲ್ಲಿ ಆರು ವಿದ್ಯಾರ್ಥಿಗಳಿಗೆ ಕಾಲೇಜಿನ ಪಾಠ ಹೇಳಲಾರಂಭಿಸಿದರು. ಮನೆಯಲ್ಲೇ ಉಂಡು, ಮನೆಯಲ್ಲೇ ಮಲಗಿ, ಮೊದಲ ಎರಡು ವರ್ಷ ಊರಿನಲ್ಲಿ ಓದಿ, ಆಮೇಲೆ ಬೇಕಾದವರು ವಿಶ್ವವಿದ್ಯಾನಿಲಯಕ್ಕೆ ಹೋಗಲಿ ಎಂಬ ಸರಳ ಲೆಕ್ಕ. ನಮ್ಮಲ್ಲಿ ಎರಡು ವರ್ಷದ ಪದವಿಪೂರ್ವ ತರಗತಿಗಳು 1970ರ ದಶಕದಲ್ಲಿ ಬಂದು, ಹೈಸ್ಕೂಲುಗಳ ಅಂಗಳದಲ್ಲೇ ಜೂನಿಯರ್ ಕಾಲೇಜುಗಳು ಎದ್ದವಲ್ಲ, ಅದೂ ಸುಮಾರಾಗಿ ಇದೇ ಲೆಕ್ಕ. ಮುಂದೆ 2013ರ ಸುಮಾರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ ಸಮುದಾಯ ಕಾಲೇಜು ಎಂಬ ಹೆಸರಿನಲ್ಲೇ ಒಂದು ಯೋಜನೆ ತಂದು ಸ್ಥಳೀಯ ಕಸುಬುಗಳಿಗೆ ಹೊಂದುವ ಪಾಠಗಳಿಗೆ ಹಣ ಕೊಟ್ಟಿತು.

ಇಷ್ಟು ಹೊತ್ತು ಕಲಿಯುವವರ ಮಾತಾಯಿತು. ಕಲಿಸುವವರಿಗೆ ಊರಿನ ಕಾಲೇಜಿನಿಂದ ಏನು ಸಿಗುತ್ತದೆ? ಸಣ್ಣ ಊರಿಗೆ ವರ್ಗವಾದರೆ ಶಿಕ್ಷೆಯೆಂದು ಭಾವಿಸುವ ಅಧ್ಯಾಪಕರು ಇಲ್ಲದಿಲ್ಲ. ಹಾಗೆ ಭಾವಿಸದವರ ಕಥೆಗಳು ಚರಿತ್ರೆಗೆ ಸೇರಿದವು.

ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದರು. ಬಸ್ಸಿಗೆ ಕಾಸಿರಲಿಲ್ಲ. ಮುಂದೆ ಅವರು ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು, ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಮರಳಿದರು, ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಕೊನೆಯವರೆಗೂ ವಾಸ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ. ಇವೆಲ್ಲ ಪ್ರಸಿದ್ಧ ಸಂಗತಿಗಳು. ಅಷ್ಟಾಗಿ ಹೇಳದ ಸಂಗತಿ ಎಂದರೆ, ಅವರ ಸಂಸ್ಥೆ ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜುಗಳನ್ನು ನಡೆಸಿತು. ತಾವು ನಡೆದ ದಾರಿಯಲ್ಲಿ ಮುಂದಿನವರು ನಡೆಯಬೇಕಾಗದಿರಲಿ ಎಂದು ಆ ಬರಗಾಲದ ಸೀಮೆಗೇ ಕಾಲೇಜನ್ನು ಕೊಂಡೊಯ್ದವರಲ್ಲಿ ಅವರು ಮುಂಚೂಣಿಯಲ್ಲಿದ್ದರು.

ಉತ್ತರ ಕನ್ನಡದ ಅಂಕೋಲೆಯದು ಇನ್ನೊಂದು ಬಗೆ. ಚುಟುಕಗಳಿಂದ ಮನೆಮಾತಾದ ಕವಿ ದಿನಕರ ದೇಸಾಯಿ ರೈತ ಚಳವಳಿಗಾಗಿ ಜಿಲ್ಲೆಯಿಂದಲೇ ಗಡಿಪಾರಾಗಿದ್ದವರು. ಮುಂಬಯಿಯಲ್ಲಿ ಕಾರ್ಮಿಕರ ಸಂಘಟನೆ ಮಾಡುತ್ತಿದ್ದವರು. ಗೇಣಿದಾರರ ಹೋರಾಟ ಮಾಡಿದ ಮೇಲೆ ಗೇಣಿದಾರರ ಮಕ್ಕಳಿಗೆ ಶಾಲೆ ಬೇಕೆಂದು ಅವರಿಗೆ ಕಂಡಿತು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಹೈಸ್ಕೂಲುಗಳನ್ನು ತೆರೆದರು. 1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರ್ಷವಾದಾಗ, ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ಆರಂಭವಾಯಿತು. ಅದೇ ದಶಕದಲ್ಲಿ ಕವಿ ಗೋಪಾಲಕೃಷ್ಣ ಅಡಿಗರು ಸಾಗರದ ಲಾಲ್‌ಬಹಾದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಕನ್ನಡ ನವ್ಯಕಾವ್ಯದ ಮುಖ್ಯ ಕವಿ ಅಡಿಕೆ ಸೀಮೆಯ ತಾಲೂಕು ಕೇಂದ್ರದಲ್ಲಿ! ಆ ಊರಿನ ಓದುಗರಿಗೆ ಹೊಸ ಸಾಹಿತ್ಯ ರಾಜಧಾನಿಯಿಂದ ಬರಬೇಕಾಗಿರಲಿಲ್ಲ.

ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಉದಾಹರಣೆ ಎಲ್ಲಕ್ಕಿಂತ ಸ್ಪಷ್ಟವಾದದ್ದು. ಡಾ. ಟಿ. ಎಂ. ಎ. ಪೈ ಅವರ ಪ್ರಯತ್ನದಿಂದ 1949ರಲ್ಲಿ ಆರಂಭವಾದ ಈ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರು ಸುತ್ತ ನೋಡಿದರು. ಏನಿತ್ತು ಅಲ್ಲಿ? ಯಕ್ಷಗಾನವಿತ್ತು, ಪಾಡ್ದನಗಳಿದ್ದವು, ಲಿಪಿಬದ್ಧ ಸಾಹಿತ್ಯ ಹೆಚ್ಚಿಲ್ಲದ ತುಳು ಭಾಷೆ ಇತ್ತು. ಶಿವರಾಮ ಕಾರಂತರ ಜೊತೆಗೂಡಿ ಯಕ್ಷಗಾನ ಕೇಂದ್ರ ಬಂತು. ಗೋವಿಂದ ಪೈ ಸಂಶೋಧನ ಕೇಂದ್ರ ಬಂತು. 1979ರಲ್ಲಿ ತುಳು ನಿಘಂಟಿನ ಕೆಲಸ ಆರಂಭವಾಗಿ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳು ಹೊರಬಂದವು. ದೇಶದ ದೊಡ್ಡ ವಿಶ್ವವಿದ್ಯಾನಿಲಯಗಳು ಕೈಹಾಕದ ಕೆಲಸ ಒಂದು ಊರಿನ ಕಾಲೇಜಿನ ಆವರಣದಲ್ಲಿ ಮುಗಿಯಿತು. ಮುಗಿಯಲು ಕಾರಣ ಅದು ಊರಿನ ಕಾಲೇಜಾದದ್ದೇ. ಶಬ್ದ ಹೇಳುವವರು ಅಲ್ಲಿಂದ ಕೂಗಳತೆಯಲ್ಲಿದ್ದರು.

ಈಗ ಬಾಣಾವರದಂಥ ಊರುಗಳ ಇಂದಿನ ಸ್ಥಿತಿಗೆ ಬರೋಣ. 2007ರ ಸುಮಾರಿಗೆ ಸರ್ಕಾರ ಒಮ್ಮೆಗೇ ನೂರಕ್ಕೂ ಹೆಚ್ಚು ಪದವಿ ಕಾಲೇಜುಗಳನ್ನು ಮಂಜೂರು ಮಾಡಿತು. ರಾಜ್ಯದಲ್ಲಿ ಇಂದು 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅನೇಕ ಕಡೆ ತರಗತಿಯಲ್ಲಿ ಹುಡುಗಿಯರೇ ಹೆಚ್ಚು. ಅಣ್ಣನನ್ನು ಮೈಸೂರಿಗೆ ಕಳಿಸಿದ ಮನೆ 'ತಂಗಿಗೆ ಹತ್ತನೇ ಕ್ಲಾಸು ಸಾಕು' ಎಂದು ತೀರ್ಮಾನಿಸುತ್ತಿದ್ದ ಕಾಲ ತೀರ ಹಳೆಯದೇನಲ್ಲ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾದ ಕಾಲೇಜು ಆ ತೀರ್ಮಾನವನ್ನು ಸದ್ದಿಲ್ಲದೆ ಬದಲಿಸಿತು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಬಂದ ಮೇಲೆ ದೂರ ಇನ್ನಷ್ಟು ಕರಗಿತು.

ಹಾಗೆಂದು ಎಲ್ಲವೂ ಸರಿಯಾಗಿದೆ ಎಂದು ಹೇಳಿದರೆ ನೀವು ನಗುತ್ತೀರಿ. ನಿಮ್ಮ ಅಧ್ಯಾಪಕರಲ್ಲಿ ಬಹಳ ಮಂದಿ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಸಾಲೋಟಗಿಯ ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ಬಿಟ್ಟವರು ಅವನು ನಾಳೆಯ ಚಿಂತೆಯಿಲ್ಲದೆ ಪಾಠ ಹೇಳಲಿ ಎಂದು ಬಿಟ್ಟರು. ಆ ವಿಷಯದಲ್ಲಿ ನಾವು 945ಕ್ಕಿಂತ ಹಿಂದೆ ಇದ್ದೇವೆ. ಊಟದ ಪ್ರಶ್ನೆಯನ್ನೂ ನೋಡಿ. ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಬಿಸಿಯೂಟವಿದೆ. ಹನ್ನೊಂದನೆಯದಕ್ಕೆ ಕಾಲಿಟ್ಟ ದಿನ ಅದು ನಿಲ್ಲುತ್ತದೆ. ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುವ ಹುಡುಗಿ ಬುತ್ತಿ ಕಟ್ಟುವ ಹೊತ್ತಿಗೆ ಮನೆಯಲ್ಲಿ ಒಲೆ ಹತ್ತಿರದಿದ್ದರೆ, ಮಧ್ಯಾಹ್ನದ ಪಾಠ ಅವಳ ತಲೆಗೆ ಹೇಗೆ ಹತ್ತಬೇಕು? ಕೊಬ್ಬರಿ ವಹಿವಾಟು ಕಣ್ಣಿಗೆ ಕಾಣುವಷ್ಟಿರುವ ಈ ಸೀಮೆಯಲ್ಲಿ, ಪ್ರತಿ ಮದುವೆಯ ಛತ್ರದಿಂದ ಒಂದು ಪಾಲು ಕಾಲೇಜಿನ ಮಧ್ಯಾಹ್ನದ ಊಟಕ್ಕೆ ಬರಬಾರದೇಕೆ ಎಂದು ಹಿರಿಯರನ್ನು ನೀವೇ ಕೇಳಬಹುದು. ಮೇಲ್ಪಂಕ್ತಿಯಂತೂ ಕಲ್ಲಿನ ಮೇಲೆ ಇದೆ. ಈ ಸಲ ಪಂಕ್ತಿಯಲ್ಲಿ ಎಲ್ಲರೂ ಕೂರಬೇಕು ಅಷ್ಟೇ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ಹೋಬಳಿ ಶಾಲೆಗಳನ್ನು ಯೋಜಿಸಿದ ರೈಸ್ ಅವರೇ ಮುಂದೆ ಹಳ್ಳಿಹಳ್ಳಿಯ ಶಾಸನಗಳನ್ನು ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳನ್ನು ಪ್ರಕಟಿಸಿದರು. ಹಾಸನ ಜಿಲ್ಲೆಯದು ಐದನೆಯ ಸಂಪುಟ, ಅಚ್ಚಾದದ್ದು 1902ರಲ್ಲಿ. ಅದರಲ್ಲಿ ಅರಸೀಕೆರೆ ತಾಲೂಕಿನ ಶಾಸನಗಳಿಗೆ ಪ್ರತ್ಯೇಕ ಭಾಗವಿದೆ, ಊರ ಹೆಸರು, ಕಲ್ಲು ಇದ್ದ ಜಾಗ, ಪಾಠ ಎಲ್ಲವನ್ನೂ ಕೊಟ್ಟಿದ್ದಾರೆ. ನಿಮ್ಮ ಅಧ್ಯಾಪಕರನ್ನು ಕೇಳಿ ಆ ಸಂಪುಟವನ್ನು ತರಿಸಿಕೊಳ್ಳಿ. ನಿಮ್ಮ ಹಳ್ಳಿಯ ಹೆಸರು ಸಿಕ್ಕರೆ ರಜೆಯಲ್ಲಿ ಹೋಗಿ ನೋಡಿ. ಕಲ್ಲು ಗುಡಿಯ ಬಾಗಿಲಲ್ಲಿ ಇನ್ನೂ ನಿಂತಿದೆಯೇ, ಕೆರೆಯ ಏರಿಯಲ್ಲಿ ಹೂತಿದೆಯೇ, ಯಾರದೋ ಮನೆಯ ಒಗೆಯುವ ಬಂಡೆಯಾಗಿದೆಯೇ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ಸಂಶೋಧಕನಿಗೆ ಒಂದು ದಿನದ ಪ್ರಯಾಣವಾದ ಆ ಕಲ್ಲು ನಿಮಗೆ ಸೈಕಲ್ಲಿನ ದಾರಿ.